ತಕ್ಕಡಿಯ ಮೇಲೆ ಓಟದ ಕಾರು: ಕನಿಷ್ಠ ತೂಕದ ನಿಯಮವೂ ಸಣ್ಣ ಬಂಡವಾಳದ ರಕ್ಷಣೆಯೂ

ವ್ಯಾಪಾರದಲ್ಲಿ ತಕ್ಕಡಿಗೆ ಇರುವ ಸ್ಥಾನವನ್ನು ವರ್ತಕರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಅಂಗಡಿಯ ತಕ್ಕಡಿಗೆ ಇಲಾಖೆಯ ಮುದ್ರೆ ಬೀಳದಿದ್ದರೆ ದಂಡ ತಪ್ಪದು. ತೂಕದಲ್ಲಿ ವ್ಯತ್ಯಾಸವಾದರೆ ಗಿರಾಕಿಯ ನಂಬಿಕೆಯೇ ಹೋಗುತ್ತದೆ. ಸಾಮಾನ್ಯವಾಗಿ ವರ್ತಕರ ಮೇಲಿನ ಆಪಾದನೆ ತೂಕ ಕಡಿಮೆ ಕೊಟ್ಟರೆಂಬುದು. ಇದೇ ಆಪಾದನೆಯನ್ನು ಎದುರಿಸುವ ಮತ್ತೊಂದು ವರ್ಗವೂ ಇದೆ. ಅದು ಕಾರು ಓಟದ ಸ್ಪರ್ಧಿಗಳ ವರ್ಗ.

2024ರ ಜುಲೈ 28ರಂದು ಬೆಲ್ಜಿಯಂ ದೇಶದ ಸ್ಪಾ ಓಟದ ಹಾದಿಯಲ್ಲಿ ಫಾರ್ಮುಲಾ ಒನ್ ಸ್ಪರ್ಧೆಯನ್ನು ಜಾರ್ಜ್ ರಸೆಲ್ ಮೊದಲಿಗರಾಗಿ ಮುಗಿಸಿದರು. ಓಟದ ನಂತರ ಇಂಧನವನ್ನು ಬಸಿದು ತೂಗಿದಾಗ ಅವರ ಮರ್ಸಿಡಿಸ್ ಕಾರು 796.5 ಕಿಲೋ ತೂಗಿತು. ಇರಬೇಕಾದ ಕನಿಷ್ಠ ತೂಕ 798 ಕಿಲೋ. ಒಂದೂವರೆ ಕಿಲೋ ಕೊರತೆಗಾಗಿ ಅವರ ಗೆಲುವು ರದ್ದಾಗಿ, ಎರಡನೆಯವರಾಗಿದ್ದ ಲೂಯಿಸ್ ಹ್ಯಾಮಿಲ್ಟನ್ ವಿಜೇತರೆನಿಸಿದರು. ಕೋಟ್ಯಂತರ ಡಾಲರ್ ವೆಚ್ಚದ ತಂಡಕ್ಕೂ ತಕ್ಕಡಿಯ ಮುಂದೆ ರಿಯಾಯಿತಿ ದೊರೆಯಲಿಲ್ಲ.

ಜಗತ್ತಿಗೆ ಸುದ್ದಿಯಾಗುವುದು ಇಂತಹ ದೊಡ್ಡ ಪ್ರಸಂಗಗಳು. ಆದರೆ ಕನಿಷ್ಠ ತೂಕದ ನಿಯಮದ ನಿಜವಾದ ಪ್ರಯೋಜನ ಕಾಣಸಿಗುವುದು ಹವ್ಯಾಸಿಗಳ ಓಟದಲ್ಲಿ. ಅಲ್ಲಿ ಸ್ಪರ್ಧಿಯು ತನ್ನ ಸ್ವಂತ ಹಣದಿಂದ ಕಾರು ಸಿದ್ಧಪಡಿಸುತ್ತಾನೆ. ಅವನ ಹಿಂದೆ ಊರಿನ ಗ್ಯಾರೇಜು, ವೆಲ್ಡಿಂಗ್ ಅಂಗಡಿ, ಬಿಡಿಭಾಗಗಳ ವರ್ತಕರು ನಿಂತಿರುತ್ತಾರೆ. ನಿಯಮಪುಸ್ತಕದಲ್ಲಿ ತೂಕದ ಒಂದು ಸಂಖ್ಯೆ ಬದಲಾದರೆ ಇವರೆಲ್ಲರ ಲೆಕ್ಕಾಚಾರವೂ ಬದಲಾಗುತ್ತದೆ. ಒಂದು ಸಂಖ್ಯೆ ಹೇಗೆ ಸಣ್ಣ ಬಂಡವಾಳವನ್ನು ಕಾಪಾಡಬಲ್ಲದು, ಹೇಗೆ ಅದನ್ನು ಮುಳುಗಿಸಲೂಬಲ್ಲದು ಎಂಬುದು ಉದ್ಯಮಿಗಳು ಗಮನಿಸತಕ್ಕ ವಿಷಯವಾಗಿದೆ.

ಮನೆಯ ಕಾರೇ ಓಟದ ಕಾರು

ಕಾರ್ಖಾನೆಯಿಂದ ಮಾರಾಟಕ್ಕೆ ಬಂದ ಮಾಮೂಲಿ ಕಾರನ್ನೇ ಓಟಕ್ಕೆ ಅಣಿಗೊಳಿಸುವ ಪದ್ಧತಿ ಹಳೆಯದು. ಇಂಗ್ಲೆಂಡಿನಲ್ಲಿ 1939ರಲ್ಲಿ ಹುಟ್ಟಿದ 750 ಮೋಟಾರ್ ಕ್ಲಬ್, ಅಂದಿನ ಅಗ್ಗದ ಕಾರಾಗಿದ್ದ ಆಸ್ಟಿನ್ ಸೆವೆನ್‌ನ ಭಾಗಗಳಿಂದಲೇ ಓಟದ ಕಾರು ಕಟ್ಟುವವರಿಗೆ ನೆಲೆಯಾಯಿತು. ಮುಂದೆ ಲೋಟಸ್ ಕಂಪನಿಯನ್ನು ಸ್ಥಾಪಿಸಿದ ಕಾಲಿನ್ ಚಾಪ್‌ಮನ್ ಅವರು ಆರಂಭದಲ್ಲಿ ಕೈಪಳಗಿಸಿಕೊಂಡದ್ದು ಇಂತಹ ಕಾರುಗಳ ಮೇಲೆಯೇ.

ಅಮೆರಿಕದಲ್ಲಿ ಈ ಕ್ಷೇತ್ರದ ಪ್ರಮುಖ ಸಂಸ್ಥೆ 1944ರಲ್ಲಿ ಸ್ಥಾಪನೆಯಾದ ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ. ಕಾನ್ಸಾಸ್ ರಾಜ್ಯದ ಟೊಪೀಕಾ ನಗರದಲ್ಲಿ ಇದರ ಕೇಂದ್ರ ಕಚೇರಿ ಇದೆ. ಇದರ ಸದಸ್ಯರಲ್ಲಿ ವೈದ್ಯರು, ಅಂಗಡಿಕಾರರು, ಎಂಜಿನಿಯರುಗಳು, ಮೆಕ್ಯಾನಿಕ್‌ಗಳು ಎಲ್ಲರೂ ಇದ್ದಾರೆ. ಕಾರುಗಳನ್ನು ಅವುಗಳ ಸಾಮರ್ಥ್ಯಕ್ಕೂ ಅನುಮತಿಸಿದ ಮಾರ್ಪಾಡುಗಳಿಗೂ ಅನುಗುಣವಾಗಿ ಹಲವು ವರ್ಗಗಳಾಗಿ ವಿಂಗಡಿಸಲಾಗಿದೆ. 'ಇಂಪ್ರೂವ್ಡ್ ಟೂರಿಂಗ್' ವರ್ಗದಲ್ಲಿ ಮಿತವಾದ ಮಾರ್ಪಾಡಿಗೆ ಮಾತ್ರ ಅವಕಾಶ. 'ಪ್ರೊಡಕ್ಷನ್' ವರ್ಗದಲ್ಲಿ ಅದಕ್ಕಿಂತ ಹೆಚ್ಚು. 'ಸ್ಪೆಕ್ ಮಿಯಾಟಾ' ವರ್ಗದಲ್ಲಿ ಓಡುವುದು ಒಂದೇ ಮಾದರಿಯ ಕಾರು, ಅಂದರೆ ಜಪಾನಿನ ಮಾಜ್ದಾ ಕಂಪನಿ 1989ರಲ್ಲಿ ಹೊರತಂದ ಎರಡು ಆಸನಗಳ ಎಂಎಕ್ಸ್-5. ಈ ಎಲ್ಲ ವರ್ಗಗಳಲ್ಲಿಯೂ ಪ್ರತಿಯೊಂದು ಮಾದರಿಯ ಹೆಸರಿನ ಮುಂದೆ ಒಂದು ಕನಿಷ್ಠ ತೂಕವನ್ನು ನಿಯಮಪುಸ್ತಕದಲ್ಲಿ ನಮೂದಿಸಲಾಗಿರುತ್ತದೆ. ಕಾರು ಅದಕ್ಕಿಂತ ಭಾರವಾಗಿರಬಹುದು, ಹಗುರವಾಗಿರುವಂತಿಲ್ಲ.

ತೂಕವನ್ನೇ ಏಕೆ ಹಿಡಿಯಬೇಕು?

ವೇಗೋತ್ಕರ್ಷ, ತಿರುವು, ಬ್ರೇಕು, ಇವು ಮೂರೂ ತೂಕವನ್ನು ಅವಲಂಬಿಸಿವೆ. ಎಂಜಿನ್ನಿನ ಶಕ್ತಿ ಅಷ್ಟೇ ಇದ್ದು ತೂಕ ಇಳಿದರೆ ಕಾರು ಬೇಗ ವೇಗ ಪಡೆಯುತ್ತದೆ, ಬೇಗ ನಿಲ್ಲುತ್ತದೆ, ಟೈರಿನ ಸವಕಳಿಯೂ ತಗ್ಗುತ್ತದೆ. ಆದ್ದರಿಂದ ಮಿತಿ ಇಲ್ಲದಿದ್ದಲ್ಲಿ ಪ್ರತಿಯೊಬ್ಬ ಸ್ಪರ್ಧಿಯೂ ತೂಕ ಇಳಿಸುವುದಕ್ಕೇ ಹಣ ಸುರಿಯುತ್ತಾನೆ.

ಈ ವೆಚ್ಚದ ಸ್ವರೂಪ ಗಮನಾರ್ಹವಾದುದು. ಮೊದಲ ಹಂತದಲ್ಲಿ ಹಿಂದಿನ ಸೀಟು, ನೆಲಹಾಸು, ರೇಡಿಯೋ, ಏರ್ ಕಂಡೀಷನರ್ ಮುಂತಾದವನ್ನು ಕಳಚಲು ಸ್ಪಾನರ್ ಮತ್ತು ಒಂದು ಭಾನುವಾರ ಸಾಕು. ಕಳಚಿದ್ದನ್ನು ಮಾರಿದರೆ ನಾಲ್ಕು ಕಾಸೂ ಬರುತ್ತದೆ. ಎರಡನೆಯ ಹಂತದಲ್ಲಿ ಹಗುರ ಚಕ್ರ, ಸಣ್ಣ ಬ್ಯಾಟರಿ, ಫೈಬರ್ ಗ್ಲಾಸ್ ಬಾನೆಟ್ ಬೇಕಾಗುತ್ತವೆ. ಇಲ್ಲಿ ಪ್ರತಿ ಕಿಲೋಗೂ ಬೆಲೆ ತೆರಬೇಕು. ಮೂರನೆಯ ಹಂತದಲ್ಲಿ ಟೈಟೇನಿಯಂ ಬೋಲ್ಟು, ಕಾರ್ಬನ್ ಫೈಬರ್ ಬಾಗಿಲು, ಬಾಡಿಯ ತಗಡನ್ನೇ ತೆಳ್ಳಗಾಗಿಸುವ ಕೆಲಸ ಬರುತ್ತವೆ. ಇಲ್ಲಿ ಕಾಲು ಕಿಲೋ ಇಳಿಸಲು ಸಾಮಾನ್ಯ ಸ್ಪರ್ಧಿಯ ಒಂದು ಓಟದ ಖರ್ಚೇ ಕರಗಬಹುದು. ಮೊದಲ ಹಂತವನ್ನು ಎಲ್ಲರೂ ಏರಬಲ್ಲರು. ಮೂರನೆಯದನ್ನು ಏರುವವರು ಹಣವಂತರು ಮಾತ್ರ.

ಕನಿಷ್ಠ ತೂಕದ ಗೆರೆಯನ್ನು ಎರಡನೆಯ ಹಂತ ಆರಂಭವಾಗುವಲ್ಲಿ ಎಳೆದರೆ ಮೂರನೆಯ ಹಂತದ ವೆಚ್ಚ ನಿರರ್ಥಕವಾಗುತ್ತದೆ. ಕಾರ್ಬನ್ ಫೈಬರ್ ಹಾಕಿ ಹತ್ತು ಕಿಲೋ ಉಳಿಸಿದವನೂ ಸೀಸದ ಗಟ್ಟಿ ಇಟ್ಟು ಹತ್ತು ಕಿಲೋ ತುಂಬಿಸಬೇಕಾಗುತ್ತದೆ. ಹೀಗೆ ನೋಡಿದರೆ ಕನಿಷ್ಠ ತೂಕದ ನಿಯಮವು ತೂಕದ ಹೆಸರಿನಲ್ಲಿರುವ ಖರ್ಚಿನ ಮಿತಿಯೇ ಆಗಿದೆ.

ಇನ್ನೊಂದು ಮುಖ್ಯ ಪ್ರಯೋಜನ ಸುರಕ್ಷತೆಯದು. ಕಾರು ಮಗುಚಿದಾಗ ಚಾಲಕನನ್ನು ಕಾಪಾಡುವುದು ಒಳಗೆ ಬೆಸೆದ ಉಕ್ಕಿನ ಕೊಳವೆಗಳ ಪಂಜರ. ತೂಕಕ್ಕೆ ಕೆಳಮಿತಿ ಇಲ್ಲದಿದ್ದರೆ ಈ ಪಂಜರದಲ್ಲಿಯೇ ಉಳಿತಾಯ ಮಾಡುವ ಆಸೆ ಹುಟ್ಟುತ್ತದೆ. ಮಿತಿ ಇದ್ದಾಗ ಆ ಆಸೆ ಸಾಯುತ್ತದೆ. ಹೇಗೂ ತುಂಬಲೇಬೇಕಾದ ಭಾರವನ್ನು ಇನ್ನೊಂದು ಅಡ್ಡಕೊಳವೆಯ ರೂಪದಲ್ಲಿ ತುಂಬುವುದು ಜಾಣತನವಾಗುತ್ತದೆ. ಇದರ ಜೊತೆಗೆ ಕಾರಿನ ತೂಕ ಹೆಚ್ಚಿದಂತೆ ಪಂಜರದ ಕೊಳವೆಯ ವ್ಯಾಸ ಅಥವಾ ದಪ್ಪವೂ ಹೆಚ್ಚಬೇಕೆಂದು ನಿಯಮಗಳು ವಿಧಿಸುತ್ತವೆ.

ಬೆಲೆಗೆ ಮಿತಿ ಹಾಕಿದರೆ ಆಗದೇ?

ಖರ್ಚು ತಗ್ಗಿಸುವುದೇ ಗುರಿಯಾದರೆ ಬೆಲೆಗೇ ಮಿತಿ ಹಾಕಬಹುದಲ್ಲ ಎಂಬ ಪ್ರಶ್ನೆ ಸಹಜ. ಅಂತಹ ಪ್ರಯೋಗವೂ ನಡೆದಿದೆ. ಅಮೆರಿಕದಲ್ಲಿ 2006ರಲ್ಲಿ ಆರಂಭವಾದ '24 ಅವರ್ಸ್ ಆಫ್ ಲೆಮನ್ಸ್' ಎಂಬ ವಿನೋದದ ಓಟದಲ್ಲಿ ಸುರಕ್ಷತಾ ಸಾಮಗ್ರಿ ಮುಂತಾದವನ್ನು ಬಿಟ್ಟು ಕಾರಿನ ಬೆಲೆ 500 ಡಾಲರ್ ಮೀರಬಾರದೆಂಬ ಕಟ್ಟಳೆ ಇತ್ತು. ಆದರೆ ಹಳೆಯ ಕಾರೊಂದರ ನಿಜವಾದ ಬೆಲೆ ಎಷ್ಟೆಂದು ಹೇಳುವವರು ಯಾರು? ರಸೀದಿಯಲ್ಲಿ ಏನನ್ನಾದರೂ ಬರೆಯಬಹುದು. ಸ್ನೇಹಿತನ ಗ್ಯಾರೇಜಿನಲ್ಲಿ ಮಾಡಿಸಿದ ಕೆಲಸಕ್ಕೆ ರಸೀದಿಯೇ ಇರುವುದಿಲ್ಲ. ಕೊನೆಗೆ ಅಲ್ಲಿ ತೀರ್ಪುಗಾರರು ಕಾರನ್ನು ಕಣ್ಣಳತೆಯಲ್ಲಿ ನೋಡಿ, ಅನುಮಾನ ಬಂದವರಿಗೆ ದಂಡವಾಗಿ ಕೆಲವು ಸುತ್ತುಗಳನ್ನು ಕಳೆಯುವ ಪದ್ಧತಿ ಬಂತು. ವಿನೋದದ ಓಟಕ್ಕೆ ಅದು ಒಪ್ಪುತ್ತದೆ. ಪದಕಕ್ಕಾಗಿ ನಡೆಯುವ ಸ್ಪರ್ಧೆಗೆ ಒಪ್ಪದು.

ಅಮೆರಿಕದ ಸಣ್ಣ ಊರುಗಳ ಕೆಲವು ಓಟದ ಕಣಗಳಲ್ಲಿ ಮತ್ತೊಂದು ಉಪಾಯವಿದೆ. ಗೆದ್ದವನ ಎಂಜಿನ್ನನ್ನು ನಿಗದಿತ ಬೆಲೆ ಕೊಟ್ಟು ಇನ್ನೊಬ್ಬ ಸ್ಪರ್ಧಿ ಕೊಳ್ಳಬಹುದು. ಕೊಡಲು ಮಾಲೀಕ ನಿರಾಕರಿಸುವಂತಿಲ್ಲ. ದುಬಾರಿ ಎಂಜಿನ್ ಕಟ್ಟಿದವನಿಗೆ ನಷ್ಟವೇ ಶಿಕ್ಷೆ. ಚತುರ ಉಪಾಯವೇ ಹೌದು, ಆದರೆ ಇದರಿಂದ ಸ್ಪರ್ಧಿಗಳ ನಡುವೆ ವೈಮನಸ್ಯ ಬೆಳೆಯುವ ಸಂಭವವೂ ಇದೆ. ಬೆಲೆಯು ಕಾಗದದ ಮೇಲಿನ ಮಾತು, ತೂಕ ಹಾಗಲ್ಲ. ತಕ್ಕಡಿಯ ಮೇಲೆ ನಿಲ್ಲಿಸಿದರೆ ಎರಡು ನಿಮಿಷದಲ್ಲಿ, ಎಲ್ಲರ ಕಣ್ಣೆದುರಿಗೆ, ಉತ್ತರ ಬರುತ್ತದೆ. ಹವ್ಯಾಸಿಗಳ ಓಟವು ತೂಕವನ್ನು ನೆಚ್ಚಿಕೊಂಡಿರುವುದಕ್ಕೆ ಇದು ಪ್ರಬಲ ಕಾರಣ.

ಸಂಖ್ಯೆ ಹುಟ್ಟುವ ಬಗೆ

ಪ್ರತಿ ಮಾದರಿಗೂ ತೂಕ ಗೊತ್ತುಪಡಿಸುವುದು ಹೇಗೆ? ಇದಕ್ಕೆ ಮೂರು ದಾರಿಗಳಿವೆ.

ಮೊದಲನೆಯದು, ಕಾರ್ಖಾನೆ ಪ್ರಕಟಿಸಿದ ತೂಕವನ್ನೇ ಆಧಾರವಾಗಿಟ್ಟು ಅದರಲ್ಲಿ ಇಷ್ಟು ಭಾಗ ಕಳೆಯುವುದು. ಇದು ಸುಲಭ. ಆದರೆ ಶಕ್ತಿಯ ಗಣನೆ ಇದರಲ್ಲಿ ಇಲ್ಲದಿರುವುದರಿಂದ ಸಹಜವಾಗಿಯೇ ಹಗುರವೂ ಶಕ್ತಿಯುತವೂ ಆದ ಒಂದೇ ಮಾದರಿ ಎಲ್ಲ ಓಟಗಳನ್ನೂ ಗೆಲ್ಲತೊಡಗುತ್ತದೆ. ಉಳಿದ ಮಾದರಿಗಳ ಮಾಲೀಕರು ಮೆಲ್ಲನೆ ಹಿಂದೆ ಸರಿಯುತ್ತಾರೆ.

ಎರಡನೆಯದು, ಶಕ್ತಿಯಿಂದ ತೂಕವನ್ನು ಲೆಕ್ಕಹಾಕುವುದು. ಇಂಪ್ರೂವ್ಡ್ ಟೂರಿಂಗ್ ವರ್ಗಕ್ಕೆ ಬಳಸಲಾದ ಕ್ರಮ ಇದಕ್ಕೆ ಉತ್ತಮ ನಿದರ್ಶನ. ಕಾರ್ಖಾನೆ ಘೋಷಿಸಿದ ಅಶ್ವಶಕ್ತಿಗೆ, ಅನುಮತಿಸಿದ ಮಾರ್ಪಾಡಿನಿಂದ ಬರುವ ಏರಿಕೆಯನ್ನು, ಸಾಮಾನ್ಯವಾಗಿ ಶೇ. 25ರಷ್ಟು, ಸೇರಿಸುವುದು, ಬಂದ ಮೊತ್ತವನ್ನು ಆಯಾ ವರ್ಗದ ಗುಣಕದಿಂದ ಗುಣಿಸುವುದು. ಉದಾಹರಣೆಗೆ 120 ಅಶ್ವಶಕ್ತಿಯ ಕಾರೊಂದನ್ನು ತೆಗೆದುಕೊಂಡರೆ, ಏರಿಕೆ ಸೇರಿ 150 ಆಗುತ್ತದೆ. 'ಎ' ವರ್ಗದ ಗುಣಕ 14.5 ಆದ್ದರಿಂದ ತೂಕ 2,175 ಪೌಂಡ್, ಅಂದರೆ ಸುಮಾರು 987 ಕಿಲೋ. ಅದೇ ಕಾರನ್ನು ನಿಧಾನಗತಿಯ 'ಬಿ' ವರ್ಗಕ್ಕೆ ಸೇರಿಸಿದರೆ ಗುಣಕ 17. ತೂಕ 2,550 ಪೌಂಡ್, ಅಂದರೆ ಸುಮಾರು 1,157 ಕಿಲೋ. ಮುಂಚಕ್ರ ಚಾಲನೆಯಂತಹ ಅನನುಕೂಲಗಳಿಗೆ ಕೊಂಚ ತೂಕವನ್ನು ಕಳೆಯಲಾಗುತ್ತದೆ.

ಈ ಕ್ರಮದ ಬಲ ಅದರ ಪಾರದರ್ಶಕತೆಯಲ್ಲಿದೆ. ಲೆಕ್ಕ ಹೀಗೆಂದು ಗೊತ್ತಿದ್ದರೆ ಯಾವ ಸದಸ್ಯನೂ ತನ್ನ ಕಾರಿನ ತೂಕವನ್ನು ಮನೆಯಲ್ಲೇ ಕುಳಿತು ತಾಳೆನೋಡಬಹುದು. ದೌರ್ಬಲ್ಯ ಅಡಗಿರುವುದು ಮೂಲ ಅಂಕಿಯಲ್ಲಿ. ಕಾರ್ಖಾನೆ ಘೋಷಿಸುವ ಅಶ್ವಶಕ್ತಿ ಯಾವಾಗಲೂ ಒಂದೇ ಅಳತೆಯದಲ್ಲ. ಅಮೆರಿಕದ ಕಂಪನಿಗಳು 1972ರ ವೇಳೆಗೆ ಒಟ್ಟು ಶಕ್ತಿಯ ಲೆಕ್ಕವನ್ನು ಬಿಟ್ಟು ನಿವ್ವಳ ಶಕ್ತಿಯ ಲೆಕ್ಕಕ್ಕೆ ಬಂದವು. ಎಂಜಿನ್ ಅದೇ ಇದ್ದರೂ ಕಾಗದದ ಮೇಲೆ ಶಕ್ತಿ ಇಳಿಯಿತು. ಕೆಲವು ಎಂಜಿನ್ನುಗಳು ಮಾರ್ಪಾಡಿಗೆ ಶೇ. 25ಕ್ಕಿಂತ ಹೆಚ್ಚು ಒಲಿಯುತ್ತವೆ, ಕೆಲವು ಒಲಿಯುವುದೇ ಇಲ್ಲ. ಜಮಾಖರ್ಚಿನ ಆರಂಭದ ಶಿಲ್ಕೇ ತಪ್ಪಾದರೆ ಕೂಡಿಸುವುದರಲ್ಲಿ ಎಷ್ಟು ಎಚ್ಚರ ವಹಿಸಿದರೂ ಕೊನೆಯ ಶಿಲ್ಕು ಸರಿಬಾರದು.

ಮೂರನೆಯದು, ಓಟದ ಫಲಿತಾಂಶ ನೋಡಿ ತೂಕವನ್ನು ತಿದ್ದುವುದು. ಗೆಲ್ಲುವ ಮಾದರಿಗೆ ಭಾರ ಸೇರಿಸುವುದು, ಸೋಲುವ ಮಾದರಿಗೆ ಇಳಿಸುವುದು. ಮೇಲ್ನೋಟಕ್ಕೆ ನ್ಯಾಯವೆನಿಸುವ ಈ ದಾರಿಯಲ್ಲಿ ಅಪಾಯವೂ ಇದೆ. ಸಾಮರ್ಥ್ಯವಿರುವ ಸ್ಪರ್ಧಿ ತನ್ನ ವೇಗವನ್ನು ಮುಚ್ಚಿಟ್ಟು, ಪಾಪದ ಮುಖ ಹಾಕಿ, ರಿಯಾಯಿತಿ ಕೇಳಬಹುದು. ಕಾರಿನ ಗುಣವೆಷ್ಟು, ಚಾಲಕನ ಕೈಚಳಕವೆಷ್ಟು ಎಂದು ಬಿಡಿಸಿ ಹೇಳುವುದೂ ಕಷ್ಟ. ಪರಿಶ್ರಮದಿಂದ ಗೆದ್ದವನಿಗೆ ದಂಡ ಬಿದ್ದರೆ ಪರಿಶ್ರಮವೇ ತಪ್ಪೆಂಬ ಭಾವನೆ ಹುಟ್ಟುತ್ತದೆ.

ವ್ಯವಹಾರದಲ್ಲಿ ಈ ಮೂರೂ ದಾರಿಗಳು ಬೆರೆತಿವೆ. ಪ್ರೊಡಕ್ಷನ್ ವರ್ಗದಲ್ಲಿ ಇನ್ನೊಂದು ಜಾಣ ಏರ್ಪಾಡಿದೆ. ಮೂಲ ಗೇರ್‌ಬಾಕ್ಸಿನ ಬದಲು ಓಟಕ್ಕೆಂದೇ ಮಾಡಿದ ಗೇರ್‌ಬಾಕ್ಸನ್ನು ಹಾಕಿಕೊಳ್ಳುವಂತಹ ಆಯ್ಕೆಗಳನ್ನು ನಿಷೇಧಿಸದೆ, ಆಯ್ಕೆಗೆ ತಕ್ಕಂತೆ ಕನಿಷ್ಠ ತೂಕವನ್ನು ಶೇ. 2.5ರಷ್ಟು ಅಥವಾ ಶೇ. 5ರಷ್ಟು ಏರಿಸಲಾಗುತ್ತದೆ. ದುಬಾರಿ ಭಾಗ ಬೇಕೆಂಬವನು ಹಣದ ಜೊತೆಗೆ ಕಿಲೋಗಳಲ್ಲಿಯೂ ಸುಂಕ ತೆರುತ್ತಾನೆ; ಬೇಡವೆಂಬವನು ಹಗುರವಾದ ಕಾರಿನಿಂದ ಅವನಿಗೆ ಸಾಟಿಯಾಗುತ್ತಾನೆ.

ಸ್ಪೆಕ್ ಮಿಯಾಟಾ ವರ್ಗದಲ್ಲಿ ಮಾದರಿ ಒಂದೇ ಆದರೂ 1990ರಿಂದ 2005ರವರೆಗಿನ ಕಾರುಗಳು ಸೇರಿವೆ. ಮೊದಲಿನವು 1.6 ಲೀಟರಿನ ಎಂಜಿನ್ ಉಳ್ಳವು, ನಂತರದವು 1.8 ಲೀಟರಿನವು. ಹಳೆಯ ಸಣ್ಣ ಎಂಜಿನ್ನಿಗೆ ಕಡಿಮೆ ತೂಕ. ಹೊಸತಕ್ಕೆ ಹೆಚ್ಚು ತೂಕ, ಜೊತೆಗೆ ಗಾಳಿ ಹೋಗುವ ದಾರಿಯನ್ನು ಕಿರಿದಾಗಿಸುವ ರಂಧ್ರದ ತಟ್ಟೆ. ಹೀಗೆ ಹದಿನೈದು ವರ್ಷಗಳ ಉತ್ಪಾದನೆ ಒಂದೇ ಓಟದಲ್ಲಿ ಓಡುತ್ತದೆ. ಅಗ್ಗವಾಗಿ ಸಿಗುವ ಹಳೆಯ ಕಾರಿಗೂ ಬೆಲೆ ಉಳಿಯುತ್ತದೆ.

ತೂಗುವ ಗಳಿಗೆ

ಎಷ್ಟು ತೂಕವಿರಬೇಕು ಎಂಬುದರಷ್ಟೇ ಮುಖ್ಯವಾದುದು ಯಾವಾಗ ತೂಗಬೇಕು ಎಂಬುದು. ಓಟ ಮುಗಿಯುವ ಹೊತ್ತಿಗೆ ಕಾರು ಇಂಧನ ಕಳೆದುಕೊಂಡಿರುತ್ತದೆ. ಪೆಟ್ರೋಲು ಲೀಟರಿಗೆ ಸುಮಾರು ಮುಕ್ಕಾಲು ಕಿಲೋ ತೂಗುವುದರಿಂದ ಇಪ್ಪತ್ತು ಲೀಟರ್ ಉರಿದರೆ ಹದಿನೈದು ಕಿಲೋ ಇಳಿದಂತಾಯಿತು. ಟೈರಿನ ರಬ್ಬರು ಸವೆದಿರುತ್ತದೆ. ಬಿಸಿಲಿನಲ್ಲಿ ಬೆವರಿದ ಚಾಲಕನೂ ಹಗುರವಾಗಿರುತ್ತಾನೆ. ಅಮೆರಿಕದ ಕ್ಲಬ್ಬಿನ ಮೇಲೆ ಹೇಳಿದ ವರ್ಗಗಳಲ್ಲಿ ಓಟ ಮುಗಿಸಿ ಬಂದ ಸ್ಥಿತಿಯಲ್ಲಿಯೇ, ಚಾಲಕನನ್ನೂ ಕೂರಿಸಿ ತೂಗುವುದು ಪದ್ಧತಿ. ಆದ್ದರಿಂದ ಅನುಭವಿಗಳು ಕನಿಷ್ಠಕ್ಕಿಂತ ಐದಾರು ಕಿಲೋ ಮೇಲಿಟ್ಟುಕೊಂಡೇ ಹೊರಡುತ್ತಾರೆ. ಅಂಚಿನಲ್ಲಿ ನಿಂತು ಲಾಭ ನೋಡಿದವನಿಗೆ ಕೊನೆಯ ಸುತ್ತಿನ ನಂತರ ನಷ್ಟವಾಗಬಹುದು.

ತೂಗುವ ಗಳಿಗೆಯನ್ನು ಸರಿಯಾಗಿ ಗೊತ್ತುಪಡಿಸದಿದ್ದರೆ ಏನಾಗುತ್ತದೆಂಬುದಕ್ಕೆ ಫಾರ್ಮುಲಾ ಒನ್ ಇತಿಹಾಸದಲ್ಲಿ ಸಾಕ್ಷಿ ಇದೆ. 1982ರಲ್ಲಿ ಕೆಲವು ತಂಡಗಳು ಬ್ರೇಕ್ ತಣಿಸುವ ನೆಪದಲ್ಲಿ ನೀರಿನ ತೊಟ್ಟಿಗಳನ್ನು ಇಟ್ಟುಕೊಂಡವು. ಓಟದ ಆರಂಭದಲ್ಲಿಯೇ ನೀರು ಖಾಲಿಯಾಗಿ ಕಾರು ಹಗುರವಾಗುತ್ತಿತ್ತು. ಮುಗಿದ ಮೇಲೆ ದ್ರವಗಳನ್ನು ಮತ್ತೆ ತುಂಬಲು ಇದ್ದ ಅನುಮತಿಯಿಂದ ತಕ್ಕಡಿಯ ಮುಂದೆ ಭಾರವಾಗುತ್ತಿತ್ತು. ಆ ವರ್ಷದ ಬ್ರೆಜಿಲ್ ಓಟದಲ್ಲಿ ಮೊದಲೆರಡು ಸ್ಥಾನ ಗಳಿಸಿದ್ದ ನೆಲ್ಸನ್ ಪಿಕೆ ಮತ್ತು ಕೆಕೆ ರೋಸ್‌ಬರ್ಗ್ ಇದೇ ಕಾರಣಕ್ಕೆ ಅನರ್ಹರಾದರು. 1984ರಲ್ಲಿ ಟಿರೆಲ್ ತಂಡದ ಕಾರಿನ ನೀರಿನಲ್ಲಿ ಸೀಸದ ಗುಂಡುಗಳು ಪತ್ತೆಯಾದ ಪ್ರಕರಣ ಆ ತಂಡವನ್ನು ಇಡೀ ವರ್ಷದ ಪಟ್ಟಿಯಿಂದ ಹೊರಹಾಕುವಲ್ಲಿ ಕೊನೆಗೊಂಡಿತು. ತಕ್ಕಡಿಗೆ ಮೊದಲು ಗೋಣಿಗೆ ನೀರು ಚಿಮುಕಿಸುವ ಹಳೆಯ ಚಾಳಿಯನ್ನು ಕಂಡಿರುವ ಮಂಡಿ ವರ್ತಕರಿಗೆ ಇದರಲ್ಲಿ ಹೊಸತೇನೂ ಕಾಣಲಾರದು.

ಈ ಕಾರಣದಿಂದಲೇ ತುಂಬುವ ಭಾರದ ಬಗ್ಗೆಯೂ ಕಟ್ಟುನಿಟ್ಟಿದೆ. ಅದು ಘನ ವಸ್ತುವಾಗಿರಬೇಕು. ಬೋಲ್ಟ್ ಹಾಕಿ ಭದ್ರವಾಗಿ ಬಿಗಿದಿರಬೇಕು. ಅಪಘಾತದಲ್ಲಿ ಕಿತ್ತುಬಂದ ಸೀಸದ ಗಟ್ಟಿ ಚಾಲಕನ ಪ್ರಾಣಕ್ಕೇ ಎರವಾಗಬಹುದು. ಸೀಸವು ಉಕ್ಕಿಗಿಂತ ಸುಮಾರು ಒಂದೂವರೆ ಪಟ್ಟು ಸಾಂದ್ರವಾದ ಲೋಹ. 25 ಕಿಲೋ ಸೀಸಕ್ಕೆ ಎರಡೂಕಾಲು ಲೀಟರಿನಷ್ಟು ಜಾಗ ಸಾಕು. ಅದನ್ನು ನೆಲಮಟ್ಟದಲ್ಲಿ ಇಡುವುದರಿಂದ ಕಾರಿನ ಸ್ಥಿರತೆಯೂ ಹೆಚ್ಚುತ್ತದೆ.

ಚಾಲಕನನ್ನು ಸೇರಿಸಿ ತೂಗುವುದರಲ್ಲಿ ಮಾನವೀಯ ನ್ಯಾಯವೂ ಇದೆ. 60 ಕಿಲೋ ತೂಗುವ ಯುವಕನಿಗೂ 95 ಕಿಲೋ ತೂಗುವ ನಡುವಯಸ್ಸಿನವನಿಗೂ 35 ಕಿಲೋ ಅಂತರ. ಚಾಲಕನನ್ನು ಬಿಟ್ಟು ತೂಗಿದರೆ ದಪ್ಪನೆಯವನು ಓಟಕ್ಕೆ ಮೊದಲೇ ಸೋತಂತೆ. ಫಾರ್ಮುಲಾ ಒನ್‌ನಲ್ಲಿ ಚಾಲಕ ಮತ್ತು ಆಸನಕ್ಕೆಂದೇ ಪ್ರತ್ಯೇಕವಾಗಿ 80 ಕಿಲೋ ಕನಿಷ್ಠ ಮಿತಿ ಬಂದದ್ದು 2019ರಲ್ಲಿ. ಅದಕ್ಕೂ ಮೊದಲು ಎತ್ತರದ ಚಾಲಕರು ಊಟ ಬಿಟ್ಟು ಮೈ ಇಳಿಸಬೇಕಾದ ಸ್ಥಿತಿ ಇತ್ತು.

ಸಣ್ಣ ಉದ್ಯಮಗಳ ಪಾಲು

ಹವ್ಯಾಸಿ ಓಟದ ಸುತ್ತ ಬೆಳೆದಿರುವ ಉದ್ಯಮವನ್ನು ನೋಡಿದರೆ ನಿಯಮದ ಪರಿಣಾಮ ಸ್ಪಷ್ಟವಾಗುತ್ತದೆ. ಪಂಜರ ಬೆಸೆಯುವ ವೆಲ್ಡಿಂಗ್ ಶಾಪುಗಳು, ಫೈಬರ್ ಗ್ಲಾಸ್ ಅಚ್ಚು ತೆಗೆಯುವವರು, ಎಂಜಿನ್ ಕಟ್ಟುವವರು, ನಾಲ್ಕು ಚಕ್ರಗಳ ಕೆಳಗೆ ಇಡುವ ಎಲೆಕ್ಟ್ರಾನಿಕ್ ತಕ್ಕಡಿ ತಯಾರಿಸುವವರು, ಓಟದ ಕಾರನ್ನು ಬಾಡಿಗೆಗೆ ಕೊಡುವವರು, ಇವರಲ್ಲಿ ಹೆಚ್ಚಿನವರು ಹತ್ತಿಪ್ಪತ್ತು ಕೈಗಳಿಂದ ಕೆಲಸ ನಡೆಸುವ ಸಣ್ಣ ಘಟಕದವರು. ಸ್ಪೆಕ್ ಮಿಯಾಟಾ ವರ್ಗದಲ್ಲಿ ಶಾಕ್ ಅಬ್ಸಾರ್ಬರ್, ಸ್ಪ್ರಿಂಗ್ ಮುಂತಾದವು ನಿಯಮ ಹೆಸರಿಸಿದ ಮಾದರಿಯವೇ ಆಗಿರಬೇಕು. ಗಿರಾಕಿಗೆ ಯಾವುದನ್ನು ಕೊಳ್ಳಬೇಕೆಂಬ ಗೊಂದಲವಿಲ್ಲ. ವರ್ತಕನಿಗೆ ಯಾವುದನ್ನು ದಾಸ್ತಾನಿಡಬೇಕೆಂಬ ಅಳುಕಿಲ್ಲ.

ಈ ಭರವಸೆ ನಿಂತಿರುವುದು ಸಂಖ್ಯೆಯ ಸ್ಥಿರತೆಯ ಮೇಲೆ. ಒಂದು ಮಾದರಿಯ ಕನಿಷ್ಠ ತೂಕವನ್ನು ನಡುವರ್ಷದಲ್ಲಿ 25 ಕಿಲೋ ಏರಿಸಿದರೆಂದುಕೊಳ್ಳೋಣ. ಕಾಗದದ ಮೇಲೆ ಅದು ಒಂದು ಸಾಲಿನ ತಿದ್ದುಪಡಿ. ಆದರೆ ಆ ಮಾದರಿಗೆ ಹಗುರ ಬಾನೆಟ್ ತಯಾರಿಸಿಟ್ಟ ಘಟಕದ ಸರಕು ಉಗ್ರಾಣದಲ್ಲಿ ಉಳಿಯುತ್ತದೆ. ಬ್ರೇಕು ಮತ್ತು ಟೈರು ಬೇಗ ಸವೆದು ಮಾಲೀಕನ ಖರ್ಚು ಏರುತ್ತದೆ. ಆ ಮಾದರಿಯ ಹಳೆಯ ಕಾರುಗಳ ಬೆಲೆ ಕುಸಿಯುತ್ತದೆ. ಅತ್ತ, ತೂಕವನ್ನು ತೀರ ಕೆಳಗಿಟ್ಟರೆ ಸಾಮಾನ್ಯ ಗ್ಯಾರೇಜಿನ ಕೈಯಲ್ಲಿ ತಲುಪಲಾಗದ ಸಂಖ್ಯೆಯಾಗುತ್ತದೆ. ಪುಸ್ತಕದಲ್ಲಿ ನಿಯಮವಿದ್ದರೂ ಅದನ್ನು ಮುಟ್ಟುವ ಶಕ್ತಿ ಹಣವಂತರಿಗೆ ಮಾತ್ರ ಇರುವುದರಿಂದ, ಇದ್ದೂ ಇಲ್ಲದಂತೆ. ಎರಡೂ ಸಂದರ್ಭಗಳಲ್ಲಿ ಮೊದಲು ಕಣ ಬಿಟ್ಟು ಹೋಗುವವನು ಸಣ್ಣವನೇ. ಸ್ಪರ್ಧಿಗಳ ಸಂಖ್ಯೆ ಇಳಿದರೆ ವರ್ಗವೇ ಬರಿದಾಗಿ, ಅದನ್ನು ನೆಚ್ಚಿಕೊಂಡ ಅಂಗಡಿಗಳಿಗೂ ವ್ಯಾಪಾರ ಇಲ್ಲದಂತಾಗುತ್ತದೆ.

ದೂರಿನ ವ್ಯವಸ್ಥೆಯಲ್ಲಿಯೂ ವ್ಯಾಪಾರಿ ವಿವೇಕವಿದೆ. ಎದುರಾಳಿಯ ಕಾರಿನಲ್ಲಿ ಅಕ್ರಮವಿದೆಯೆಂದು ಶಂಕಿಸಿ ಎಂಜಿನ್ ಬಿಚ್ಚಿ ತೋರಿಸಬೇಕೆನ್ನುವ ಸ್ಪರ್ಧಿ, ಬಿಚ್ಚಿ ಜೋಡಿಸುವ ಖರ್ಚಿನಷ್ಟು ಠೇವಣಿ ಕಟ್ಟಬೇಕು. ಅಕ್ರಮ ಸಾಬೀತಾದರೆ ಠೇವಣಿ ಅವನಿಗೆ ಮರಳುತ್ತದೆ. ಕಾರು ನಿಯಮಬದ್ಧವಾಗಿದ್ದರೆ ಆ ಹಣ ಆಪಾದನೆ ಹೊತ್ತವನ ಖರ್ಚಿಗೆ ಸಲ್ಲುತ್ತದೆ. ಇದರಿಂದ ಹುರುಳಿಲ್ಲದ ದೂರುಗಳಿಗೆ ಕಡಿವಾಣ ಬೀಳುತ್ತದೆ. ತೂಕದ ವಿಷಯದಲ್ಲಂತೂ ಇಷ್ಟು ದೂರ ಹೋಗಬೇಕಾದ ಅಗತ್ಯವೂ ಬಾರದು; ತಕ್ಕಡಿ ಅಲ್ಲೇ ಇರುತ್ತದೆ.

ಭಾರತದ ನೆಲದಲ್ಲಿ

ನಮ್ಮ ದೇಶದಲ್ಲಿ ಕಾರು ಓಟ ಬೆಳೆದದ್ದು ಮುಖ್ಯವಾಗಿ ದಕ್ಷಿಣದಲ್ಲಿ. ಚೆನ್ನೈ ಸಮೀಪದ ಶೋಲಾವರಂನ ಹಳೆಯ ವಿಮಾನ ಓಡುದಾರಿಯಲ್ಲಿ ದಶಕಗಳ ಕಾಲ ಓಟಗಳು ನಡೆದವು. 1990ರಲ್ಲಿ ಶ್ರೀಪೆರಂಬುದೂರಿನ ಬಳಿ ಶಾಶ್ವತ ಹಾದಿ ಸಿದ್ಧವಾಯಿತು. ಕೊಯಮತ್ತೂರಿನ ಎಸ್. ಕರಿವರ್ಧನ್ ಅವರು ಮಾರುತಿ 800ರ 796 ಸಿಸಿ ಎಂಜಿನ್ನನ್ನು ಅಳವಡಿಸಿದ ಒಂಟಿ ಆಸನದ ಓಟದ ಕಾರನ್ನು ರೂಪಿಸಿದರು. ಎಲ್ಲೆಡೆ ದೊರೆಯುವ, ಯಾವ ಮೆಕ್ಯಾನಿಕ್ ಬೇಕಾದರೂ ಬಿಚ್ಚಬಲ್ಲ ಎಂಜಿನ್ ಅದಾಗಿದ್ದರಿಂದ ಹೊಸ ಪೀಳಿಗೆಗೆ ಓಟದ ಬಾಗಿಲು ತೆರೆಯಿತು. 2005ರಲ್ಲಿ ಫಾರ್ಮುಲಾ ಒನ್ ಪ್ರವೇಶಿಸಿದ ಮೊದಲ ಭಾರತೀಯ ನರೇನ್ ಕಾರ್ತಿಕೇಯನ್ ಅವರು ತಮ್ಮ ಆರಂಭದ ದಿನಗಳಲ್ಲಿ ಓಡಿಸಿದ್ದೂ ಮಾರುತಿ ಎಂಜಿನ್ನಿನ ಇಂತಹ ಕಾರನ್ನೇ. ಕರಿವರ್ಧನ್ 1995ರಲ್ಲಿ ವಿಮಾನ ದುರಂತದಲ್ಲಿ ತೀರಿಕೊಂಡರು. ಕೊಯಮತ್ತೂರಿನ ಓಟದ ಹಾದಿ ಅವರ ಹೆಸರನ್ನು ಹೊತ್ತಿದೆ.

ಕರ್ನಾಟಕದ ಬಿಡದಿಯಲ್ಲಿ ತಯಾರಾದ ಟೊಯೊಟಾ ಇಟಿಯಾಸ್ ಕಾರನ್ನೂ 2012-13ರ ಅವಧಿಯಲ್ಲಿ ಏಕಮಾದರಿ ಓಟಕ್ಕೆ ಅಣಿಗೊಳಿಸಲಾಗಿತ್ತು. ಎಲ್ಲರಿಗೂ ಒಂದೇ ಮಾದರಿಯ ಕಾರು ಕೊಟ್ಟರೆ ತೂಕದ ತಕರಾರು ಬಹುಪಾಲು ತಾನಾಗಿ ಅಡಗುತ್ತದೆ. ಉಳಿಯುವುದು ಚಾಲಕನ ಮೈತೂಕದ ವ್ಯತ್ಯಾಸ. ಆದರೆ ಕಾರುಗಳು ಕಂಪನಿಯ ಸ್ವಾಧೀನದಲ್ಲಿಯೇ ಉಳಿಯುವ ಇಂತಹ ಓಟಗಳಲ್ಲಿ ಹೊರಗಿನ ಸಣ್ಣ ಘಟಕಗಳಿಗೆ ಅವಕಾಶ ಕಡಿಮೆ. ಬಗೆಬಗೆಯ ಹಳೆಯ ಕಾರುಗಳನ್ನು ಒಂದೇ ಕಣಕ್ಕೆ ತರುವ ಅಮೆರಿಕದ ಮಾದರಿಯಲ್ಲಿಯೇ ಗ್ಯಾರೇಜುಗಳಿಗೆ ಹೆಚ್ಚು ಕೆಲಸ. ಅದು ಸಾಧ್ಯವಾಗುವುದು ನಂಬಿಕೆಗೆ ಅರ್ಹವಾದ ತೂಕದ ಪಟ್ಟಿ ಇದ್ದಾಗ ಮಾತ್ರ.

ಉದ್ಯಮಿಗಳಿಗೆ ಪಾಠ

ಕಾರು ಓಟದಲ್ಲಿ ಆಸಕ್ತಿ ಇಲ್ಲದವರೂ ಈ ವಿಷಯದಿಂದ ಕೆಲವು ಸಂಗತಿಗಳನ್ನು ಗ್ರಹಿಸಬಹುದು. ಯಾವುದೇ ಮಾನದಂಡ, ಅದು ಸರಕಿನ ಗುಣಮಟ್ಟದ್ದಾಗಿರಲಿ, ಟೆಂಡರಿನ ಷರತ್ತಾಗಿರಲಿ, ಸಣ್ಣ ಘಟಕಗಳಿಗೆ ನೆರವಾಗಬೇಕಾದರೆ ಮೂರು ಗುಣಗಳನ್ನು ಹೊಂದಿರಬೇಕು. ಮೊದಲನೆಯದಾಗಿ, ಅದು ಸಾಮಾನ್ಯ ಯಂತ್ರ ಮತ್ತು ಸಾಮಾನ್ಯ ಬಂಡವಾಳದಿಂದ ತಲುಪಬಲ್ಲ ಮಟ್ಟದಲ್ಲಿರಬೇಕು. ಎರಡನೆಯದಾಗಿ, ಅದನ್ನು ಎಲ್ಲರೂ ಒಪ್ಪುವ ಒಂದೇ ಉಪಕರಣದಿಂದ, ಮೊದಲೇ ಗೊತ್ತಿರುವ ಹಂತದಲ್ಲಿ ಅಳೆಯುವಂತಿರಬೇಕು. ಮೂರನೆಯದಾಗಿ, ಅದನ್ನು ಬದಲಿಸುವ ಕ್ರಮ ಬಹಿರಂಗವಾಗಿರಬೇಕು. ದಾಸ್ತಾನು ಕರಗಿಸಲು ಕಾಲಾವಕಾಶವಿರಬೇಕು.

ಮಾನದಂಡಗಳನ್ನು ಚರ್ಚಿಸುವ ಸಭೆಗಳಿಗೆ ಸಣ್ಣ ಉದ್ಯಮಿಗಳು ಹೋಗುವುದು ವಿರಳ. ಹೋಗುವವರು ದೊಡ್ಡ ಕಂಪನಿಗಳ ಪ್ರತಿನಿಧಿಗಳು. ಸಂಖ್ಯೆಯೂ ಅವರಿಗೆ ಅನುಕೂಲವಾದ ಕಡೆಗೇ ವಾಲುತ್ತದೆ. ಅಮೆರಿಕದ ಹವ್ಯಾಸಿ ಓಟಗಾರರು ತಮ್ಮ ಕ್ಲಬ್ಬಿನ ನಿಯಮ ಸಮಿತಿಗೆ ಪತ್ರ ಬರೆದು, ಲೆಕ್ಕ ಕೇಳಿ, ಆಕ್ಷೇಪಣೆ ಸಲ್ಲಿಸಿ, ಸಂಖ್ಯೆಯನ್ನು ತಮ್ಮ ಕೈಗೆಟಕುವಲ್ಲಿ ಇರಿಸಿಕೊಳ್ಳಲು ಯತ್ನಿಸುತ್ತ ಬಂದಿದ್ದಾರೆ. ನಮ್ಮಲ್ಲಿಯೂ ಕರಡು ಮಾನದಂಡಗಳಿಗೆ ಆಕ್ಷೇಪಣೆ ಆಹ್ವಾನಿಸಿದಾಗ ವಾಣಿಜ್ಯ ಸಂಸ್ಥೆಗಳ ಮೂಲಕ ಅಭಿಪ್ರಾಯ ಸಲ್ಲಿಸುವುದು ಸಣ್ಣ ಘಟಕಗಳು ರೂಢಿಸಿಕೊಳ್ಳಬೇಕಾದ ಅಭ್ಯಾಸ.

2011ರ ಏಪ್ರಿಲ್ 1ರಿಂದ ಜಾರಿಗೆ ಬಂದ 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯ ಪ್ರಕಾರ ತಮ್ಮ ತಕ್ಕಡಿಗಳಿಗೆ ಕಾಲಕಾಲಕ್ಕೆ ಮುದ್ರೆ ಹಾಕಿಸುವ ವರ್ತಕರು, ಆ ಕೆಲಸವನ್ನು ಬಹಳ ಸಲ ತೊಡಕೆಂದೇ ಭಾವಿಸುವುದುಂಟು. ಆದರೆ ಮುದ್ರೆ ಬಿದ್ದ ತಕ್ಕಡಿ ಗಿರಾಕಿಯನ್ನು ಕಾಪಾಡುವಷ್ಟೇ, ಪ್ರಾಮಾಣಿಕ ವರ್ತಕನನ್ನು ಪಕ್ಕದ ಅಂಗಡಿಯ ಮೋಸದ ತೂಕದಿಂದಲೂ ಕಾಪಾಡುತ್ತದೆ. ಓಟ ಮುಗಿಸಿ ಧೂಳು ಮೆತ್ತಿದ ಕಾರನ್ನು ತಕ್ಕಡಿಯ ಮೇಲೆ ನಿಲ್ಲಿಸಿ ಅಂಕಿಗಾಗಿ ಕಾಯುವ ಹವ್ಯಾಸಿ ಓಟಗಾರನಿಗೆ ದೊರೆಯುವುದೂ ಅದೇ ರಕ್ಷಣೆ.